ಫ್ರಿಜ್ಜಿನ ಹಣೆಯ ಕುಂಕುಮ

ಹೆಂಡತಿ ಊರಲ್ಲಿಲ್ಲದಾಗ ಗಂಡಸು ಒದ್ದೆ ಬಟ್ಟೆ ಹಿಡಿಯಬಾರದು. ಅರವತ್ತೆರಡು ವರ್ಷದ ಬದುಕಿನಲ್ಲಿ ನಾನು ಕಲಿತ ಪಾಠಗಳಲ್ಲಿ ನಿಮಗೆ ಧೈರ್ಯವಾಗಿ ಹೇಳಬಹುದಾದದ್ದು ಇದೊಂದೇ. ಮಿಕ್ಕವು ನನಗೇ ಉಪಯೋಗಕ್ಕೆ ಬಂದಿಲ್ಲ. ಕಸ ಗುಡಿಸಿ, ಪಾತ್ರೆ ತೊಳೆಯಿರಿ, ಬೇಡ ಅನ್ನುವುದಿಲ್ಲ. ಒರೆಸಲು ಮಾತ್ರ ಹೋಗಬೇಡಿ. ಒರೆಸಿದರೆ ಇಲ್ಲದ್ದೆಲ್ಲ ಕಣ್ಣಿಗೆ ಬೀಳುತ್ತದೆ, ಬಿದ್ದ ಮೇಲೆ ಸುಮ್ಮನೆ ಕೂರಲು ಆಗುವುದಿಲ್ಲ. ನಾನಂತೂ ಕೂರಲಿಲ್ಲ. ಬಸ್ಸು ಹತ್ತಿ ನ್ಯಾಮತಿಯವರೆಗೆ ಹೋಗಿಬಂದೆ.

ಒರೆಸಿದ್ದು ಫ್ರಿಜ್ಜನ್ನು. ನಾವಿರುವುದು ಚನ್ನಗಿರಿಯಲ್ಲಿ, ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಶಾರದೆ. ಇಬ್ಬರಿಗೆ ಈ ಫ್ರಿಜ್ಜು ಬಹಳ ದೊಡ್ಡದಾಯಿತು ಎಂದು ನೋಡಿದವರೆಲ್ಲ ಹೇಳುತ್ತಾರೆ. ಅದು ಬೀರುವಿನ ಹಾಗೆ ಎರಡು ಬಾಗಿಲಿನದು. ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ಬ್ಯಾಂಕ್ ಮ್ಯಾನೇಜರರೊಬ್ಬರು ಒಂಬತ್ತು ವರ್ಷದ ಹಿಂದೆ ವರ್ಗವಾಗಿ ಹೊರಟಾಗ, ಹೊತ್ತುಕೊಂಡು ಹೋಗಲಾರೆ ಎಂದು ನಮಗೆ ಮಾರಿ ಹೋದರು. ಮನೆಗೆ ತಂದಾಗ ಅದು ಬಾಗಿಲಲ್ಲಿ ತೂರಲಿಲ್ಲ, ನಮ್ಮ ಬಾಗಿಲನ್ನೇ ಕಳಚಿ ಪಕ್ಕಕ್ಕಿಟ್ಟು ಒಳಗೆ ಬರಮಾಡಿಕೊಂಡೆವು. ನನ್ನ ಮದುವೆಯ ದಿಬ್ಬಣಕ್ಕೂ ಅಂಥ ಮರ್ಯಾದೆ ಸಿಕ್ಕಿರಲಿಲ್ಲ. ಅದರ ಎಡಬಾಗಿಲಿನಲ್ಲಿ ಒಂದು ಪುಟ್ಟ ಗೂಡಿದೆ. ಆ ಗೂಡಿಗೆ ಲೋಟ ಇಟ್ಟು ಒತ್ತಿದರೆ ತಣ್ಣನೆಯ ನೀರು ಬರುತ್ತದೆ. ಹಿಂದುಗಡೆಯಿಂದ ನಲ್ಲಿಯ ಪೈಪು ಬಂದು ಸೇರುತ್ತದೆ, ಒಳಗೆಲ್ಲೋ ಒಂದು ಫಿಲ್ಟರ್ ಇದೆ, ನೀರು ಶುದ್ಧವಾಗಿ ಬಾಗಿಲಿಗೆ ಬರುತ್ತದೆ. ಇಷ್ಟನ್ನು ನಾನು ಮನೆಗೆ ಬಂದವರಿಗೆಲ್ಲ ಒಂಬತ್ತು ವರ್ಷ ವಿವರಿಸಿದ್ದೇನೆ. ಕೇಳದವರಿಗೂ ವಿವರಿಸಿದ್ದೇನೆ.

ಶಾರದೆ ಶುಕ್ರವಾರ ಪೂಜೆಯವಳು. ಪೂಜೆ ಮುಗಿದ ಮೇಲೆ ಕುಂಕುಮದ ಭರಣಿ ಹಿಡಿದು ಮನೆಯೆಲ್ಲ ಒಂದು ಸುತ್ತು ಬರುತ್ತಾಳೆ. ಹೊಸ್ತಿಲಿಗೆ, ತುಳಸಿಗೆ, ಗ್ಯಾಸಿನ ಒಲೆಗೆ, ಮಿಕ್ಸಿಗೆ, ಬೀರುವಿಗೆ, ಕೊನೆಗೆ ಫ್ರಿಜ್ಜಿಗೆ. ಆಯುಧಪೂಜೆಯ ದಿನ ಊರಿನ ಲಾರಿಗೂ ಲೇತ್ ಮಷೀನಿಗೂ ಸಿಗುವ ಗೌರವ ನಮ್ಮ ಮನೆಯ ಸಾಮಾನಿಗೆ ವಾರ ವಾರವೂ ಸಿಗುತ್ತದೆ. ಫ್ರಿಜ್ಜಿಗೆ ಅವಳು ಇಡುತ್ತಿದ್ದದ್ದು ನೀರಿನ ಗೂಡಿನ ಮೇಲೆ, ಸರಿಯಾಗಿ ಹಣೆಯ ನಡುವೆ, ಕಾಸಿನಗಲದ ಒಂದು ಬೊಟ್ಟು. ಅದೇ ಜಾಗ, ಅದೇ ಅಳತೆ. ವರ್ಷಗಳ ಕುಂಕುಮ ಪದರ ಪದರವಾಗಿ ಕೂತು ಅಲ್ಲಿ ಗಟ್ಟಿಯಾಗಿಬಿಟ್ಟಿತ್ತು.

ಈಗ ಗಂಗಕ್ಕನ ವಿಷಯ ಹೇಳಬೇಕು, ಯಾಕೆಂದರೆ ಇಷ್ಟೆಲ್ಲ ಪಾಡು ಪಟ್ಟದ್ದು ಅವರಿಗಾಗಿ. ಗಂಗಕ್ಕ ಶಾರದೆಯ ಅಕ್ಕ. ಅಕ್ಕತಂಗಿಯರ ತವರು ಹೊಳೆದಂಡೆಯ ಹೊನ್ನಾಳಿ. ಶಾರದೆಗೆ ಐದು ವರ್ಷವಿದ್ದಾಗ ತಾಯಿ ತೀರಿಕೊಂಡರು. ಆಮೇಲೆ ಅವಳ ತಲೆ ಬಾಚಿ, ಜಡೆ ಹಾಕಿ, ಊಟ ಕಟ್ಟಿ ಶಾಲೆಗೆ ಕಳಿಸಿದವರು ಹನ್ನೆರಡು ವರ್ಷದ ಗಂಗಕ್ಕ. ಹಾಗಾಗಿ ನನಗೆ ಅವರು ಅತ್ತಿಗೆಯೂ ಹೌದು, ಅತ್ತೆಯೂ ಹೌದು. ಹೊಳೆಯ ನೀರು ಕುಡಿದು ಬೆಳೆದ ಅವರನ್ನು ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ಕೊಟ್ಟರು. ಅಲ್ಲಿಯ ಬೋರ್‌ವೆಲ್ ನೀರು ಸವಳು. ನಲವತ್ತೈದು ವರ್ಷ ಸಂಸಾರ ಮಾಡಿದರೂ ಅವರಿಗೆ ಆ ನೀರು ಒಗ್ಗಲಿಲ್ಲ. ಗಂಡ ಒಗ್ಗಿದರು, ಅತ್ತೆ ಒಗ್ಗಿದರು, ನೀರು ಮಾತ್ರ ಇಲ್ಲ. ಕ್ಯಾನಿನ ನೀರು ತರಿಸಿದರೆ ಅದನ್ನೂ ಮುಟ್ಟುವುದಿಲ್ಲ. "ಅದು ಸತ್ತ ನೀರು ಕಣೇ. ನೀರಿನ ಫೋಟೋ ಕುಡಿದಂಗೆ ಆಗತೈತೆ" ಅನ್ನುತ್ತಾರೆ. ಹೀಗಾಗಿ ದಿನಕ್ಕೆ ಎರಡು ಲೋಟ ಕುಡಿದರೆ ಹೆಚ್ಚು. ಕಿಡ್ನಿಯಲ್ಲಿ ಕಲ್ಲಾಯಿತು. ಬೇಸಿಗೆ ಕಳೆಯುವವರೆಗೆ ಚೆನ್ನಾಗಿ ನೀರು ಕುಡಿಯಬೇಕು, ಇಲ್ಲದಿದ್ದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

ಗಂಗಕ್ಕ ಇಡೀ ಭೂಮಂಡಲದಲ್ಲಿ ಮನಸ್ಸಿಟ್ಟು ಕುಡಿಯುವ ನೀರು ಒಂದೇ, ನಮ್ಮ ಫ್ರಿಜ್ಜಿನದು. ಮೊದಲ ಸಲ ಕುಡಿದಾಗ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, "ನಮ್ಮ ಹೊಳೆ ನೀರಿನ ರುಚಿ ಐತಲ್ಲೇ ಶಾರೀ, ಫಿಲ್ಟರ್ ಅಂದ್ರೆ ಇದು" ಎಂದಿದ್ದರು. ಅಂದಿನಿಂದ ನಮ್ಮ ಫಿಲ್ಟರಿನ ಕೀರ್ತಿ ಬಿಳಿಚೋಡಿನಲ್ಲೆಲ್ಲ ಹರಡಿದೆ. ಅವರನ್ನು ಕರೆದುಕೊಂಡು ಬರಲೆಂದೇ ಶಾರದೆ ಬಿಳಿಚೋಡಿಗೆ ಹೋಗಿದ್ದಳು. ಭಾನುವಾರ ಇಬ್ಬರೂ ಬರುವವರು. ಅಕ್ಕ ಒಂದು ತಿಂಗಳು ಇಲ್ಲಿದ್ದು ನೀರು ಕುಡಿಯಬೇಕು, ಕಲ್ಲು ಕರಗಬೇಕು. ಇದು ಯೋಜನೆ. ಹೊರಡುವಾಗ ಶಾರದೆ ನನಗೆ ಹೇಳಿದ್ದು ಒಂದೇ ಮಾತು: "ಹಾಲು ಕಾಯಿಸ್ಕೊಳ್ರಿ, ಬಾಗಿಲು ಹಾಕ್ಕೊಳ್ರಿ. ಬೇರೆ ಏನೂ ಮಾಡಾಕೆ ಹೋಗಬ್ಯಾಡ್ರಿ."

ಬುಧವಾರ ಬೆಳಿಗ್ಗೆ ನನಗೆ ಒಳ್ಳೆಯ ಗಂಡನಾಗಬೇಕೆಂಬ ಹುಕಿ ಬಂತು. ಇಂಥ ಹುಕಿ ಬರುವುದು ಅಪರೂಪ, ಬಂದಾಗ ತಡೆದುಕೊಳ್ಳುವ ಅಭ್ಯಾಸವೂ ಇಲ್ಲ. ಬಕೆಟ್ಟು, ಸೋಪಿನ ಪುಡಿ, ಹಳೆಯ ಬನಿಯನ್ನು ತಗೊಂಡು ಫ್ರಿಜ್ಜನ್ನು ನೆತ್ತಿಯಿಂದ ಪಾದದವರೆಗೆ ಒರೆಸಿದೆ. ಕುಂಕುಮ ಬಿಡಲಿಲ್ಲ. ಉಗುರಿನಿಂದ ಕೆರೆದೆ. ಹಪ್ಪಳದ ಹಾಗೆ ಎದ್ದು ಬಂತು. ಅದರ ಕೆಳಗೊಂದು ಕೆಂಪು ದೀಪ ಉರಿಯುತ್ತಿತ್ತು. ದೀಪದ ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ಫಿಲ್ಟರ್ ಬದಲಿಸಿ ಎಂದು ಬರೆದಿತ್ತು.

ಆ ದೀಪ ಎಂದಿನಿಂದ ಉರಿಯುತ್ತಿದೆಯೋ ದೇವರೇ ಬಲ್ಲ. ಕೆಂಪಿನ ಮೇಲೆ ಕೆಂಪು ಇಟ್ಟರೆ ಯಾರಿಗೆ ಕಾಣಬೇಕು? ಪಾಪದ ಫ್ರಿಜ್ಜು ವರ್ಷಗಟ್ಟಲೆ ಕೂಗಿಕೊಂಡಿದೆ, ಕೂಗಿದಾಗೆಲ್ಲ ನಾವು ಅದರ ಬಾಯಿಗೆ ಕುಂಕುಮ ಬಳಿದಿದ್ದೇವೆ. ಫಿಲ್ಟರ್ ಕೆಟ್ಟ ನೀರನ್ನು ಕಿಡ್ನಿಯಲ್ಲಿ ಕಲ್ಲಿರುವ ಹೆಂಗಸಿಗೆ ತಿಂಗಳಿಡೀ ಕುಡಿಸಲು ಹೊರಟಿದ್ದೇವಲ್ಲ ಎಂದು ನೆನೆದು ನನಗೆ ನಿಜಕ್ಕೂ ಭಯವಾಯಿತು. ಭಾನುವಾರದೊಳಗೆ ಹೊಸ ಫಿಲ್ಟರ್ ತಂದು ಹಾಕಲೇಬೇಕು. ಶಾರದೆಗೆ ಹೇಳುವ ಹಾಗಿಲ್ಲ. ಹೇಳಿದರೆ ಒರೆಸಿದ್ದನ್ನೂ ಹೇಳಬೇಕಾಗುತ್ತದೆ.

ಫಿಲ್ಟರ್ ಆರಿಸುವುದು ನನಗೊಂದು ಲೆಕ್ಕವೇ ಎಂದುಕೊಂಡೆ. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರು. ನೀರು ಸೋಸುವ ಪಾಠವನ್ನು ನನ್ನಷ್ಟು ಸಲ ಮಾಡಿದವರು ಈ ನಾಲ್ಕು ತಾಲ್ಲೂಕಿನಲ್ಲಿ ಇರಲಾರರು. ನಮ್ಮ ಹಿಂದಿನವರು ಕೊಡದ ಬಾಯಿಗೆ ನಾಲ್ಕು ಮಡಿಕೆ ಬಟ್ಟೆ ಕಟ್ಟುತ್ತಿದ್ದರು, ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇದು ಬಗ್ಗಡ ಇಳಿಸುತ್ತಿದ್ದರು, ನುಗ್ಗೆಯ ಬೀಜವನ್ನು ಕುಟ್ಟಿ ಹಾಕುತ್ತಿದ್ದರು, ಎಂದು ಶುರುಮಾಡಿ ಜಲ್ಲಿ, ಮರಳು, ಇದ್ದಿಲಿಗೆ ಬರುತ್ತಿದ್ದೆ. ಇದ್ದಿಲು ನೀರಿನ ವಾಸನೆಯನ್ನೂ ರುಚಿಯನ್ನೂ ಹೀರಿಕೊಳ್ಳುತ್ತದೆ, ಚಿತ್ರ ಬರೆದು ಭಾಗಗಳನ್ನು ಗುರುತಿಸಿರಿ, ನಾಲ್ಕು ಅಂಕ. ಒಂದು ವರ್ಷ ಪ್ರಯೋಗ ಮಾಡಿಯೇ ತೋರಿಸೋಣವೆಂದು ತಳ ತೂತಿನ ಬಕೆಟ್ಟಿನಲ್ಲಿ ಎಲ್ಲ ತುಂಬಿ ಮೇಲಿನಿಂದ ಕೆಸರು ನೀರು ಸುರಿದೆ. ಕೆಳಗಿನಿಂದ ಕಡುಕಪ್ಪು ನೀರು ಬಂತು. ಇದ್ದಿಲನ್ನು ಮೊದಲು ತೊಳೆಯಬೇಕಿತ್ತಂತೆ. "ಇದು ಮೊದಲನೆಯ ಹಂತ" ಎಂದೆ. ಹಿಂದಿನ ಬೆಂಚಿನಿಂದ ಒಂದು ಹುಡುಗಿ, "ಎರಡನೇ ಹಂತ ಯಾವಾಗ ಸಾರ್?" ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ನನ್ನ ಮೇಷ್ಟ್ರುತನವನ್ನು ಕಾಪಾಡಿದ್ದರಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನರ ಪಾತ್ರ ದೊಡ್ಡದು.

ಫಿಲ್ಟರ್ ಬೇಕಾದರೆ ಫ್ರಿಜ್ಜಿನ ಮಾಡೆಲ್ ನಂಬರು ಬೇಕು ಎಂದು ಫೋನಿನಲ್ಲಿ ಓದಿದೆ. ನಂಬರಿನ ಚೀಟಿ ಒಳಗಡೆ ಕೆಳಗಿನ ಮೂಲೆಯಲ್ಲಿತ್ತು. ಅದಕ್ಕೆ ಒರಗಿಕೊಂಡು ಒಂಬತ್ತು ವರ್ಷದಿಂದ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ನಿಂತಿತ್ತು. ಎಣ್ಣೆ ಇಳಿದು ಇಳಿದು ಚೀಟಿಯ ಮುಕ್ಕಾಲು ಭಾಗ ಉಪ್ಪಿನಕಾಯಿಯೇ ಆಗಿತ್ತು. ಮೂಸಿದರೆ ಮೆಂತ್ಯದ ಘಮ ಚೆನ್ನಾಗಿ ಬಂತು, ನಂಬರು ಮಾತ್ರ ಬರಲಿಲ್ಲ.

ಗುರುವಾರವಿಡೀ ಇಂಟರ್ನೆಟ್ಟಿನಲ್ಲಿ ಕಳೆದೆ. ಅಯ್ಯಾ, ಲೋಕದಲ್ಲಿ ಎಷ್ಟು ಬಗೆಯ ಫಿಲ್ಟರುಗಳು! ಉದ್ದದ್ದು, ಗಿಡ್ಡದ್ದು, ತಿರುಗಿಸುವುದು, ಒತ್ತುವುದು, ಒಂದಂತೂ ಥೇಟು ಟಾರ್ಚಿನ ಹಾಗಿತ್ತು. ಎಲ್ಲವೂ ಅಪ್ಪಟ ಅಸಲಿಯೇ. ಅಸಲಿಯ ಪಕ್ಕದಲ್ಲಿ ಅಸಲಿಯ ಹಾಗೇ ಇರುವುದು, ಅದರ ಪಕ್ಕದಲ್ಲಿ ಅದಕ್ಕಿಂತ ಅಸಲಿ. ಕೊಂಡವರ ಅಭಿಪ್ರಾಯ ಓದಿದರೆ ದಾರಿ ಕಾಣಬಹುದೆಂದು ಓದಿದೆ. ಒಬ್ಬರು ಐದು ನಕ್ಷತ್ರ ಕೊಟ್ಟು, ಡಬ್ಬಿ ಚೆನ್ನಾಗಿದೆ, ಇನ್ನೂ ತೆರೆದಿಲ್ಲ ಎಂದು ಬರೆದಿದ್ದರು. ಇನ್ನೊಬ್ಬರು ಒಂದೇ ನಕ್ಷತ್ರ ಕೊಟ್ಟಿದ್ದರು, ಕಾರಣ ತಂದುಕೊಟ್ಟವನು ಬೆಲ್ ಜೋರಾಗಿ ಒತ್ತಿದನಂತೆ. ಇದು ಎರಡು ಬಾಗಿಲಿನ ಹಳೆಯ ಫ್ರಿಜ್ಜಿಗೆ ಕೂರುತ್ತದೆಯೇ ಎಂದು ಯಾರೋ ನನ್ನಂಥ ದುಃಖಿ ಕೇಳಿದ ಪ್ರಶ್ನೆಗೆ, ಗೊತ್ತಿಲ್ಲ, ನಾನು ಮದುವೆಗೆ ಉಡುಗೊರೆ ಕೊಡಲು ತಗೊಂಡೆ ಎಂಬ ಉತ್ತರವಿತ್ತು. ನೀರಿನ ಫಿಲ್ಟರನ್ನು ಮದುವೆಯಲ್ಲಿ ಉಡುಗೊರೆ ಪಡೆದ ಆ ಹೊಸ ಜೋಡಿಯನ್ನು ನೆನೆಸಿಕೊಂಡು ಫೋನು ಕೆಳಗಿಟ್ಟೆ. ಅಷ್ಟಕ್ಕೂ ಯಾವುದನ್ನು ತರಿಸಿದರೂ ಅದು ಬರುವುದು ಮುಂದಿನ ವಾರವೇ.

ಆಗ ಅಳತೆ ತಗೊಂಡು ಅಂಗಡಿಗೇ ಹೋಗುವುದೆಂದು ತೀರ್ಮಾನಿಸಿದೆ. ಫ್ರಿಜ್ಜಿನ ಒಳಗೆ ಮೇಲುಗಡೆ ದುಂಡನೆಯ ಮುಚ್ಚಳವಿತ್ತು, ಫಿಲ್ಟರಿನ ಮನೆ ಅದೇ ಎಂದು ಚಿತ್ರದಲ್ಲಿ ನೋಡಿದ್ದೆ. ಅಳೆಯಲು ಟೇಪು ಸಿಗಲಿಲ್ಲ. ಶಾರದೆಯ ಬಳೆಯ ಪೆಟ್ಟಿಗೆ ಸಿಕ್ಕಿತು. ಹಸಿರು ಗಾಜಿನ ಬಳೆಯೊಂದನ್ನು ಮುಚ್ಚಳಕ್ಕೆ ತೊಡಿಸಿದರೆ ಬಳೆಗಾರ ತೊಡಿಸಿದ ಹಾಗೆ ಸರಿಯಾಗಿ ಕೂತಿತು. ಎರಡು ಆರು ಸೈಜು. ನಮ್ಮ ಫ್ರಿಜ್ಜಿನ ಕೈ ಅಳತೆಯೂ ಶಾರದೆಯದೂ ಒಂದೇ ಎಂದು ತಿಳಿದು ನನಗೆ ಅದರ ಮೇಲೆ ಅಕ್ಕರೆ ಇನ್ನಷ್ಟು ಹೆಚ್ಚಿತು. ಬಳೆಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಶುಕ್ರವಾರ ಹೊನ್ನಾಳಿಯ ಬಸ್ಸು ಹತ್ತಿದೆ.

ಟಿಕೆಟ್ಟಿಗೆಂದು ಜೇಬಿಗೆ ಕೈ ಹಾಕಿದಾಗ ಬಳೆ ಈಚೆ ಬಂತು. ಪಕ್ಕದ ಸೀಟಿನ ಹೆಂಗಸು ನೋಡಿ, "ಚಂದ ಐತೆ. ಮನೆಯೋರಿಗೇನ್ರಿ?" ಎಂದು ವಿಚಾರಿಸಿದರು. ನಾನು ಸುಳ್ಳು ಹೇಳುವವನಲ್ಲ. "ಇಲ್ಲಮ್ಮ, ಫ್ರಿಜ್ಜಿಗೆ" ಎಂದೆ. ಅವರು ಮುಂದಿನ ನಿಲ್ದಾಣದಲ್ಲಿ ಬೇರೆ ಸೀಟಿಗೆ ಹೋದರು.

ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಮೊದಲು ನ್ಯಾಮತಿಗೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ ಹಾಲೇಶ ಟ್ರಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ. ಫೋನಿನಲ್ಲಿ ಕೇಳಿದಾಗ, ಎಲ್ಲ ನಮೂನೆ ಫಿಲ್ಟರೂ ಐತೆ ಬರ್ರಿ ಸಾರ್ ಎಂದಿದ್ದ. ಹೋದ ಕೂಡಲೇ ಕಾಲು ಮುಟ್ಟಿ ನಮಸ್ಕಾರ ಮಾಡಿ, ಬಳೆ ಇಸಕೊಂಡು, ಒಂದೊಂದೇ ಫಿಲ್ಟರನ್ನು ಅದರೊಳಗೆ ತೂರಿಸಿ ನೋಡಲು ಶುರುಮಾಡಿದ. ನಾಲ್ಕನೆಯದು ಸರಿಯಾಗಿ ಹಿಡಿಯಿತು.

"ಇದೇ ನೋಡ್ರಿ ಸಾರ್! ಸೈಜ್ ಕರೆಕ್ಟ್ ಐತೆ."

"ಹಾಲೇಶಾ, ಇದು ಡೀಸಲ್ ಫಿಲ್ಟರ್ ಕಣೋ."

"ಡೀಸಲ್ ಆದ್ರೇನು, ನೀರಾದ್ರೇನು ಸಾರ್? ಸೋಸಾಕೆ ಬೇಕಾಗಿದ್ದು ಸಣ್ಣ ಸಣ್ಣ ರಂಧ್ರ, ದ್ರವ ಯಾವುದೇ ಇರಲಿ ತತ್ವ ಒಂದೇ ಅಂತ ನೀವೇ ಬೋರ್ಡ್ ಮೇಲೆ ಬರೆದಿದ್ರಿ."

ಬರೆದಿದ್ದೆ. ಅಲ್ಲಿ ಯಾವ ಗಂಟೆಯೂ ಹೊಡೆಯಲಿಲ್ಲ. ಗುರುಕಾಣಿಕೆ ಎಂದು ಅವನು ಒತ್ತಾಯದಿಂದ ಕೈಗಿಟ್ಟ ಡೀಸಲ್ ಫಿಲ್ಟರನ್ನು ಚೀಲಕ್ಕೆ ಹಾಕಿಕೊಂಡು ಹೊನ್ನಾಳಿಗೆ ವಾಪಸಾದೆ.

ಹೊನ್ನಾಳಿಯ ಗೃಹೋಪಯೋಗಿ ಸಾಮಾನಿನ ಅಂಗಡಿಯ ಯಜಮಾನರು ನನ್ನ ಕಥೆಯನ್ನೆಲ್ಲ ಕೇಳಿ ಮುಗುಳ್ನಕ್ಕರು. "ಹೊಳೆ ಪಕ್ಕದಾಗಿರೋ ನಮಗೆ ಫಿಲ್ಟರ್ ಯಾಕ್ರಿ? ಚನ್ನಗಿರಿಯೋರಿಗೆ ಪಾಪ ಬೇಕಾಗತೈತೆ" ಎಂದರು. ನಾನು ಸುಮ್ಮನಿರಬಹುದಿತ್ತು. ಆದರೆ ಏಷ್ಯಾದಲ್ಲೇ ಎಷ್ಟನೆಯದೋ ದೊಡ್ಡದೆಂದು ಹೆಸರಾದ ಸೂಳೆಕೆರೆಯ ತಾಲ್ಲೂಕಿನವನು ನಾನು. ಕೆರೆಯ ನೀರು ಹೊಳೆಯ ನೀರಿಗಿಂತ ಹೇಗೆ ತಿಳಿಯಾಗಿ ನಿಲ್ಲುತ್ತದೆ ಎಂದು ಅವರಿಗೆ ಕಾಲು ಗಂಟೆ ತಿಳಿಸಿಕೊಟ್ಟೆ. ಅಷ್ಟು ಒಳ್ಳೆಯ ನೀರಿದ್ದರೆ ನಿಮಗೆ ಫಿಲ್ಟರ್ ಏತಕ್ಕೆ ಎಂದು ಅವರು ಕೇಳಿದಾಗ ಜೇಬಿನಿಂದ ಬಳೆ ತೆಗೆದು ಮೇಜಿನ ಮೇಲಿಟ್ಟೆ. ಒಳ್ಳೆಯ ಮನುಷ್ಯರು. ಏಣಿ ಹತ್ತಿ ಅಟ್ಟದಿಂದ ಧೂಳು ಮೆತ್ತಿದ ಡಬ್ಬಿಯೊಂದನ್ನು ಇಳಿಸಿದರು. ಯಾರೋ ತರಿಸಿಕೊಂಡು ಒಯ್ಯದೇ ಬಿಟ್ಟದ್ದಂತೆ. ಬಿಚ್ಚಿ ಬಳೆಯಲ್ಲಿ ತೂರಿಸಿದರು. ಎರಡು ಆರು! ಅಂಗಡಿಯಲ್ಲಿದ್ದ ಮೂರು ಜನ ಗಿರಾಕಿಗಳು ಚಪ್ಪಾಳೆ ತಟ್ಟುವುದೊಂದು ಬಾಕಿ. ಆ ಫಿಲ್ಟರನ್ನು ಮಡಿಲಲ್ಲಿಟ್ಟುಕೊಂಡೇ ಊರಿಗೆ ಬಂದೆ.

ಶನಿವಾರ ಮುಚ್ಚಳ ಬಿಚ್ಚಲು ಹೋದರೆ ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಲ್ಲೂರಿನಿಂದ ಖಲೀಲ್ ಸಾಬರನ್ನು ಕರೆಸಿದೆ. ಒಂಬತ್ತು ವರ್ಷದ ಹಿಂದೆ ನಮ್ಮ ಮನೆಯ ಬಾಗಿಲು ಕಳಚಿ ಫ್ರಿಜ್ಜು ಒಳಗಿಟ್ಟು, ಪೈಪು ಜೋಡಿಸಿಕೊಟ್ಟವರು ಅವರೇ. ಈಗ ವಯಸ್ಸಾಗಿದೆ, ಗೊತ್ತಿದ್ದವರ ಮನೆಗೆ ಮಾತ್ರ ಬರುತ್ತಾರೆ. ಬಂದವರು ಫ್ರಿಜ್ಜಿನ ಬೋಳು ಹಣೆ ನೋಡಿದರು, ಉರಿಯುತ್ತಿದ್ದ ಕೆಂಪು ದೀಪ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಮ್ಮೋರು ಊರಾಗಿಲ್ವಾ ಸಾರ್?"

"ಇಲ್ಲ, ನಾಳೆ ಬರ್ತಾರೆ."

"ಅವರು ಬಂದ ಮ್ಯಾಲೆ ಬಿಚ್ಚಿದ್ರೆ ಆಗಾಕಿಲ್ವಾ?"

ಮುದುಕರಿಗೆ ಮೈ ಬಗ್ಗುವುದಿಲ್ಲ, ಅದಕ್ಕೇ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ನಾನು ಹಠ ಹಿಡಿದೆ. ಅವರು ನಿಟ್ಟುಸಿರು ಬಿಟ್ಟು, ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿದರು. ಒಳಗಿನಿಂದ ಬಂದದ್ದು ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಬಿರಡೆ.

"ಇದೇನು ಸಾಬ್ರೇ, ಫಿಲ್ಟರ್ ಇಷ್ಟು ಚಿಕ್ಕದಾ?"

"ಫಿಲ್ಟರ್ ಎಲ್ಲೈತೆ ಸಾರ್? ಮ್ಯಾನೇಜರ್ ಸಾಹೇಬ್ರು ಹಳೇದು ಬಿಸಾಕಿದ್ರು. ಹೊಸದು ತರೋತನಕ ಇರಲಿ ಅಂತ ನಾನೇ ಈ ಬಿರಡೆ ಹಾಕಿದ್ದು. ಇದು ಇದ್ರೆ ನೀರು ಸೀದಾ ಹೋಗತೈತೆ, ಸೋಸಾಕಿಲ್ಲ, ಬೇಗ ಫಿಲ್ಟರ್ ತಂದುಬಿಡ್ರಿ ಅಂತ ನಿಮಗೇ ಹೇಳಿದ್ನಲ್ರೀ. ನೀವು ಹೂಂ ಅಂದ್ರಿ."

ಅಂದಿರಬೇಕು. ಮೆಕ್ಯಾನಿಕ್ಕು, ಡಾಕ್ಟರು, ವಕೀಲರು ಏನು ಹೇಳಿದರೂ ನಾನು ಹೂಂ ಅನ್ನುತ್ತೇನೆ. ಅದು ಅರ್ಥವಾಗಿ ಅನ್ನುವ ಹೂಂ ಅಲ್ಲ, ಅರ್ಥವಾಗಲಿಲ್ಲ ಎಂದು ತೋರಿಸಿಕೊಳ್ಳಲು ನಾಚಿಕೆಯಾಗಿ ಅನ್ನುವ ಹೂಂ. ಹಾಗಾದರೆ ಒಂಬತ್ತು ವರ್ಷ ನಾವು ಕುಡಿದದ್ದು, ನೆಂಟರಿಗೆ ಕೊಟ್ಟದ್ದು, ಗಂಗಕ್ಕ ಹೊಗಳಿದ್ದು, ಬಿಳಿಚೋಡಿನಲ್ಲಿ ಹೆಸರಾದದ್ದು ಎಲ್ಲ ನಮ್ಮ ಬೀದಿಯ ನಲ್ಲಿ ನೀರು. ಪಕ್ಕದ ಮನೆಯವರು ಅದೇ ನೀರನ್ನು ಬಿಂದಿಗೆಯಲ್ಲಿ ಹಿಡಿದು ಯಾವ ಭಾಷಣವೂ ಇಲ್ಲದೆ ಕುಡಿಯುತ್ತಿದ್ದಾರೆ.

"ಮತ್ತೆ ಈ ಕೆಂಪು ದೀಪ?"

"ಅದಕ್ಕೆ ನೀರಿನ ಸಂಗತಿ ಏನೂ ಗೊತ್ತಿಲ್ಲ ಸಾರ್. ಗಡಿಯಾರ ಇದ್ದಂಗೆ. ಆರು ತಿಂಗಳು ಎಣಿಸ್ತೈತೆ, ಹತ್ಕೊಂತೈತೆ. ಒಳಗೆ ಫಿಲ್ಟರ್ ಇದ್ರೂ ಹತ್ಕೊಂತೈತೆ, ಇಲ್ದಿದ್ರೂ ಹತ್ಕೊಂತೈತೆ." ಹೀಗೆ ಹೇಳಿ ಅವರು ಪಕ್ಕದ ಗುಂಡಿಯನ್ನು ಮೂರು ಎಣಿಸುವಷ್ಟು ಹೊತ್ತು ಒತ್ತಿದರು. ದೀಪ ಆರಿತು. ಎರಡು ಊರು ಸುತ್ತಿ ಬಂದವನ ಮುಂದೆ ಅದು ಅಷ್ಟು ಸಲೀಸಾಗಿ ಆರಬಾರದಿತ್ತು.

ಇರಲಿ, ಈಗಲಾದರೂ ಗಂಗಕ್ಕನಿಗೆ ನಿಜವಾದ ಫಿಲ್ಟರ್ ನೀರು ಸಿಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹೊನ್ನಾಳಿಯ ಫಿಲ್ಟರನ್ನು ಸಾಬರು ಹಾಗೂ ಹೀಗೂ ತಿರುಗಿಸಿ ಕೂರಿಸಿದರು. ಕೂತಿತು! ಬಿರಡೆಯನ್ನು ನನ್ನ ಕೈಗಿಟ್ಟು, "ಇದನ್ನ ಬಿಸಾಕಬ್ಯಾಡ್ರಿ, ಬೇಕಾಗಬೋದು" ಎಂದು ಹೇಳಿ ಹೋದರು. ನಾನು ಹೂಂ ಎಂದೆ.

ಭಾನುವಾರ ಮಧ್ಯಾಹ್ನ ಅಕ್ಕತಂಗಿಯರು ಬಂದರು. ಗಂಗಕ್ಕ ಬಹಳ ಇಳಿದುಹೋಗಿದ್ದರು, ತುಟಿ ಒಣಗಿತ್ತು. ಚಪ್ಪಲಿ ಬಿಟ್ಟವರೇ ನೆಟ್ಟಗೆ ಫ್ರಿಜ್ಜಿನ ಹತ್ತಿರ ಹೋದರು. ದಾರಿಯುದ್ದಕ್ಕೂ ಒಂದು ಗುಟುಕು ಕುಡಿದಿರಲಿಲ್ಲವಂತೆ, ಇಲ್ಲಿಗೇ ಬಂದು ಕುಡಿಯೋಣವೆಂದು ಬಾಯಾರಿಕೆಯನ್ನು ಕೂಡಿಟ್ಟುಕೊಂಡು ಬಂದಿದ್ದರು. ಲೋಟ ಒತ್ತಿದರು, ಒಂದು ಗುಟುಕು ನುಂಗಿದರು. ಲೋಟವನ್ನು ಕೆಳಗಿಳಿಸಿ ಅದರೊಳಗೆ ಇಣುಕಿದರು.

"ಮೇಷ್ಟ್ರೇ, ನಿಮ್ಮ ಫಿಲ್ಟರ್ ಕೆಟ್ಟೈತೆ."

"ಇಲ್ಲ ಅಕ್ಕಾ, ಚೆನ್ನಾಗಿದೆ."

"ಎಲ್ಲಿ ಚೆನ್ನಾಗೈತ್ರಿ? ಸತ್ತ ನೀರು ಬರಾಕತ್ತೈತೆ. ನೀರಿನ ಫೋಟೋ!"

ಆ ದಿನ ಅವರು ಇನ್ನೊಂದು ಗುಟುಕು ಮುಟ್ಟಲಿಲ್ಲ. ನಲ್ಲಿಯಿಂದ ನೇರವಾಗಿ ಹಿಡಿದುಕೊಟ್ಟರೆ, ಫಿಲ್ಟರ್ ಆಗದ ನೀರು ಹೆಂಗೆ ಕುಡಿಯೋದು ಎಂದು ದೂಡಿದರು. ಸಂಜೆ ಅರ್ಧ ಲೋಟ ಮಜ್ಜಿಗೆ ಕುಡಿದು, "ನಾಳೆ ಬಸ್ಸಿಗೆ ಊರಿಗೆ ಹೋಗ್ತೀನಿ ಕಣೇ ಶಾರೀ. ಇಲ್ಲೂ ನೀರು ಕೆಟ್ಟ ಮ್ಯಾಲೆ ಆಪರೇಷನ್ ಮಾಡ್ಸೋದೇ ಸೈ" ಎಂದರು. ಶಾರದೆಯ ಕಣ್ಣಲ್ಲಿ ನೀರು ತುಂಬಿತು. ನನಗೆ ಹೇಳಲಾರದಷ್ಟು ನಾಚಿಕೆಯಾಯಿತು. ಇದ್ದಿಲು ನೀರಿನ ರುಚಿಯನ್ನೂ ಹೀರಿಕೊಳ್ಳುತ್ತದೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನಿಗೆ ಅದು ಹೀಗೂ ಹೀರಿಕೊಳ್ಳುತ್ತದೆ ಎಂದು ಹೊಳೆದಿರಲಿಲ್ಲ. ಒಳಗೆ ಇದ್ದಿಲು ತುಂಬಿಕೊಂಡ ಪಾಪದ ಫಿಲ್ಟರ್ ತನ್ನ ಕೆಲಸ ಮಾಡಿತ್ತು. ಅಕ್ಕ ಹುಡುಕಿಕೊಂಡು ಬಂದದ್ದನ್ನೇ ಸೋಸಿ ಇಟ್ಟುಕೊಂಡಿತ್ತು.

ಸೋಮವಾರ ಬೆಳಿಗ್ಗೆ ಇಬ್ಬರೂ ದೇವಸ್ಥಾನಕ್ಕೆ ಹೋದರು. ನಾನು ಮೊಳೆ ಸ್ಕ್ರೂಗಳ ಡಬ್ಬಿಯಿಂದ ಬಿರಡೆ ತೆಗೆದೆ. ಸಾಬರು ಮಾಡಿದ ಹಾಗೆ ಬಟ್ಟೆ ಸುತ್ತಿ, ಅಂಗಿ ತೋಯಿಸಿಕೊಂಡು, ಫಿಲ್ಟರ್ ಬಿಚ್ಚಿ, ಬಿರಡೆ ಕೂರಿಸಿದೆ. ಎರಡು ಪಾತ್ರೆ ನೀರು ಹರಿಸಿ ಚೆಲ್ಲಿದೆ. ಅವರು ಬಂದಾಗ ಒಂದು ಲೋಟ ಹಿಡಿದುಕೊಟ್ಟೆ. ಗಂಗಕ್ಕ ಬೇಡವೆಂದು ತಲೆಯಾಡಿಸಿದರು. ಶಾರದೆ, "ಒಂದೇ ಒಂದು ಗುಟುಕು, ನನ್ನ ಸಲುವಾಗಿ" ಎಂದಳು. ಕುಡಿದರು. ಕಣ್ಣು ಮುಚ್ಚಿದರು. ಲೋಟ ಎತ್ತಿ ಕೊನೆಯ ಹನಿಯವರೆಗೆ ಗಟಗಟ ಕುಡಿದರು.

"ಹಾಂ! ಈಗ ಬಂತು ನೋಡ್ರಿ ನಮ್ಮ ಹೊಳೆ ರುಚಿ. ಹೊಸ ಫಿಲ್ಟರ್ ಹಾಕಿದ್ರೇನು ಮೇಷ್ಟ್ರೇ?"

"ಹೂಂ" ಎಂದೆ. ಬದುಕಿನಲ್ಲಿ ಪೂರ್ತಿ ಅರ್ಥ ಮಾಡಿಕೊಂಡು ಅಂದ ಹೂಂ ಅದೊಂದೇ ಇರಬೇಕು.

ಅವರು ಒಂದರ ಹಿಂದೊಂದು ಮೂರು ಲೋಟ ಕುಡಿದರು. ನಾನು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ, ಸಂತೋಷಕ್ಕೆ ಮುಖ ಹೇಗೆ ಹೇಗೋ ಆಗುತ್ತಿತ್ತು. ಗಂಗಕ್ಕ ಬ್ಯಾಗು ಬಿಚ್ಚಿದರು, ತಿಂಗಳು ಪೂರ್ತಿ ಇದ್ದರು, ದಿನಾ ತಂಬಿಗೆ ತಂಬಿಗೆ ಕುಡಿದರು. ಡಾಕ್ಟರು ನೋಡಿ ಸದ್ಯಕ್ಕೆ ಆಪರೇಷನ್ ಬೇಡ ಎಂದರು. ಫಿಲ್ಟರ್ ಎಂದರೆ ಅಂಥದು ಇರಬೇಕು ಎಂದು ಗಂಗಕ್ಕ ಅವರಿಗೂ ಹೇಳಿ ಬಂದರಂತೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗಂಗಕ್ಕ ಬಂದ ಮೊದಲ ಶುಕ್ರವಾರವೇ ಶಾರದೆ ಪೂಜೆ ಮುಗಿಸಿ ಭರಣಿ ಹಿಡಿದು ಫ್ರಿಜ್ಜಿನ ಮುಂದೆ ನಿಂತಳು. ಬೋಳು ಹಣೆಯನ್ನು ಅವಳು ಬಂದ ದಿನವೇ ನೋಡಿದ್ದಳು, ಏನೂ ಅಂದಿರಲಿಲ್ಲ. ಈಗ ಹೆಬ್ಬೆರಳನ್ನು ಕುಂಕುಮಕ್ಕೆ ಅದ್ದಿ ಅದೇ ಜಾಗಕ್ಕೆ, ಅದೇ ಅಳತೆಗೆ ಒತ್ತಿದಳು. ನಾನು ಮೆಲ್ಲಗೆ, "ಅಲ್ಲಿ ಒಂದು..." ಎಂದು ಬಾಯಿ ತೆರೆದೆ.

"ಗೊತ್ತೈತೆ ಬಿಡ್ರಿ. ದೀಪ ಈಗ ಆರೈತೆ, ಆರು ತಿಂಗಳಿಗೆ ಮತ್ತೆ ಹತ್ಕೊಂತೈತೆ."

"ನಿನಗೆ ಹೇಗೆ ಗೊತ್ತು?" ಎಂದೆ.

"ಮೊದಲ ಸಲ ಹತ್ಕೊಂಡಾಗಲೇ ಖಲೀಲಣ್ಣನ್ನ ಕೇಳಿದ್ದೆ. ಫಿಲ್ಟರೇ ಇಲ್ಲ, ಬಿರಡೆ ಐತೆ, ದೀಪದ್ದೇನೂ ತಲೆ ಕೆಡಿಸ್ಕೊಬ್ಯಾಡ್ರಿ ಅಂದ್ರು. ಅಷ್ಟೊತ್ತಿಗೆ ಅಕ್ಕ ಈ ನೀರಿಗೆ ಹೊಂದ್ಕೊಂಡಿದ್ಲು. ದೀಪ ನಿಮ್ಮ ಕಣ್ಣಿಗೆ ಬಿದ್ರೆ ಸುಮ್ನಿರ್ತೀರೇನು? ಊರೂರು ಅಲೀತೀರಿ, ಏನೋ ತಂದು ಹಾಕ್ತೀರಿ. ಅದಕ್ಕೇ ಬೊಟ್ಟು ಇಟ್ಟೆ." ಇಷ್ಟು ಹೇಳಿ ಭರಣಿಯ ಮುಚ್ಚಳ ಹಾಕಿ, "ಅಂದಂಗೆ ನನ್ನ ಹಸಿರು ಬಳೆ ಒಂದು ಕಮ್ಮಿ ಐತೆ" ಎಂದಳು.

ಅಂದಿನಿಂದ ಮನೆಯಲ್ಲಿ ಓಡಾಡುವಾಗ ನನಗೆ ಎಲ್ಲೆಲ್ಲೂ ಕುಂಕುಮವೇ ಕಾಣುತ್ತದೆ. ಮಿಕ್ಸಿಯ ಮೇಲೊಂದು ಬೊಟ್ಟು, ಯುಪಿಎಸ್ಸಿನ ಮೇಲೊಂದು, ನನ್ನ ಸ್ಕೂಟರಿನ ಮೀಟರಿನ ಗಾಜಿನ ಮೇಲೆ ಒಂದು ಮೂಲೆಯಲ್ಲಿ ಒಂದು. ಮೊದಲೆಲ್ಲ ಭಕ್ತಿ ಎಂದುಕೊಂಡು ಹಾದುಹೋಗುತ್ತಿದ್ದೆ. ಈಗಲೂ ಹಾದುಹೋಗುತ್ತೇನೆ, ಸ್ವಲ್ಪ ದೂರದಿಂದ. ಒದ್ದೆ ಬಟ್ಟೆಯನ್ನಂತೂ ಮುಟ್ಟಿಲ್ಲ. ಮನೆ ನಡೆಯುತ್ತಿದೆ, ನೀರು ಬರುತ್ತಿದೆ. ಹೊನ್ನಾಳಿಯ ಫಿಲ್ಟರೂ ನ್ಯಾಮತಿಯ ಫಿಲ್ಟರೂ ಅಟ್ಟದ ಮೇಲೆ ಒಂದರ ಪಕ್ಕ ಒಂದು ಕೂತಿವೆ.

ಕಳೆದ ಶುಕ್ರವಾರ ಶಾರದೆ ಫ್ರಿಜ್ಜಿಗೆ ಬೊಟ್ಟಿಟ್ಟು ತಿರುಗಿದವಳು, ಪೇಪರು ಓದುತ್ತಾ ಕೂತಿದ್ದ ನನ್ನ ಹತ್ತಿರ ಬಂದು, ನನ್ನ ಹಣೆಯ ನಡುವೆ ಒಂದು ಬೊಟ್ಟು ಒತ್ತಿ ಹೋದಳು. ಯಾವ ದೀಪ ಹತ್ತಿತ್ತು ಎಂದು ನಾನು ಕೇಳಲಿಲ್ಲ.